ಅಜ್ಜನ ಮಚ್ಚಿನ ಯಜಮಾನರು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಇವರು ಊರಿಗೊಬ್ಬರಂತೆ ಇದ್ದಾರೆ. ಕೈಸಾಲ ಕೇಳಿ, ಇಲ್ಲ ಅನ್ನುವುದಿಲ್ಲ. ಟ್ರ್ಯಾಕ್ಟರ್ ಕೇಳಿ, ಡೀಸೆಲ್ ಸಮೇತ ಕಳಿಸುತ್ತಾರೆ. ಮಚ್ಚು ಕೇಳಿದಿರೋ, ಮುಖ ಗಂಟಾಯಿತು. "ಹಣಿಸಕ್ಕೆ ಕೊಟ್ಟಿದೀನಿ ಕಣಪ್ಪ." ಮಚ್ಚು ಅವರ ಬೆನ್ನ ಹಿಂದೆಯೇ ಮೊಳೆಗೆ ನೇತಾಡುತ್ತಿರುತ್ತದೆ.

ಅದು ಅಜ್ಜನದು. ಅಂತಿಂಥ ಕಬ್ಬಿಣವಲ್ಲ, ಭದ್ರಾವತಿಯದು. ಅಜ್ಜ ಮದುವೆಯಾದ ವರ್ಷ, 1910ರಲ್ಲಿ, ಮಾಡಿಸಿದ್ದು. ಭದ್ರಾವತಿಯಲ್ಲಿ ಕಬ್ಬಿಣ ತೆಗೆಯಲು ಶುರು ಮಾಡಿದ್ದೇ 1923ರಲ್ಲಿ ಎಂದು ಯಾರೋ ಮೇಷ್ಟ್ರು ಹೇಳಿದ ಮೇಲೆ ಅಜ್ಜನ ಮದುವೆಯನ್ನೇ ಹದಿನೈದು ವರ್ಷ ಮುಂದಕ್ಕೆ ಹಾಕಿದರು, ಭದ್ರಾವತಿಯನ್ನು ಬಿಡಲಿಲ್ಲ. ಕುಲುಮೆಯ ಆಚಾರ್ರನ್ನು ಕೇಳಿದರೆ ಲಾರಿ ಪಟ್ಟಿ ಅನ್ನುತ್ತಾರೆ. ಅವರನ್ನು ಕೇಳಬಾರದು.

ಪಾಲಾದಾಗ ಅಣ್ಣತಮ್ಮಂದಿರು ತೋಟ ಹಂಚಿಕೊಂಡದ್ದು ಅರ್ಧ ದಿನದಲ್ಲಿ. ಕಾಯಿ ಸುಲಿಯುವ ಸಲಾಕೆ ಯಾರಿಗೆ ಅನ್ನುವುದಕ್ಕೆ ಮೂರು ಸಲ ಪಂಚಾಯಿತಿ ಸೇರಿತು. ಕೊನೆಗೆ ಸಲಾಕೆ ಅಣ್ಣನಿಗೆ, ಅದಕ್ಕೆ ಬದಲಾಗಿ ಬದುವಿನ ಮೇಲಿನ ಎರಡು ತೆಂಗಿನಮರ ತಮ್ಮನಿಗೆ. ಮರ ಕಾಯಿ ಬಿಡುತ್ತಲೇ ಇವೆ. ತಮ್ಮ ಮೋಸಹೋದೆ ಅನ್ನುತ್ತಲೇ ಇದ್ದಾನೆ.

ಹಾಗಂತ ಯಜಮಾನರು ಕಾಯಿ ಸುಲಿಯುತ್ತಾರೆಂದಲ್ಲ. ಮಟ್ಟೆ ಸಮೇತ ಅಟ್ಟ ಹತ್ತಿದ ಕಾಯಿ ಹತ್ತು ಹನ್ನೊಂದು ತಿಂಗಳು ಕೂತು, ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಲೊಡಲೊಡ ಅಂದಮೇಲೆ ಸುಲಿಯುವವರು ಬರುತ್ತಾರೆ, ತಮ್ಮ ಸಲಾಕೆ ತಾವೇ ತರುತ್ತಾರೆ. ನೆಟ್ಟ ಮೊನೆಗೆ ಕಾಯಿ ಕುಕ್ಕಿ ತಿರುವಿದರೆ ಮಟ್ಟೆ ಬಿಚ್ಚಿಕೊಳ್ಳುತ್ತದೆ. ಚಿಪ್ಪು ಒಡೆಯುವ ಹೆಂಗಸರದು ಸಂತೆಯಲ್ಲಿ ಕೊಂಡ ಗಿಡ್ಡ ಮಚ್ಚು. ಏಟು ಒಂಚೂರು ಹೆಚ್ಚಾದರೆ ಉಂಡೆ ಹೋಳಾಯಿತು, ರೇಟು ಬಿತ್ತು. ಯಜಮಾನರು ಕುರ್ಚಿ ಹಾಕಿಸಿಕೊಂಡು, "ನಮ್ಮಜ್ಜನ ಮಚ್ಚಾಗಿದ್ರೆ..." ಎಂದು ರಾಗ ಎಳೆಯುತ್ತಾರೆ. "ಕೊಡಿ ಹಂಗಾರೆ" ಅಂದಳು ಒಬ್ಬಾಕೆ. ಮಾತು ತಕ್ಷಣ ಮಳೆಯ ಕಡೆ ತಿರುಗಿತು.

2023ರಲ್ಲಿ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 11,750 ರೂಪಾಯಿ ಬೆಂಬಲ ಬೆಲೆ ಇದ್ದರೂ ಪೇಟೆಯಲ್ಲಿ ಅಷ್ಟು ಹುಟ್ಟದೆ, ಜನ ನಾಫೆಡ್ ಖರೀದಿಗೆ ಸಾಲು ನಿಂತರಲ್ಲ, ಆ ಸಾಲಿನಲ್ಲೂ ಇವರು ಹಿಂದೆ ಮುಂದೆ ನಿಂತವರಿಗೆ ಹೇಳಿದ್ದು ಮಚ್ಚಿನ ಕತೆಯನ್ನೇ. ಪಾಪ, ಯಾರೂ ಸಾಲು ಬಿಟ್ಟು ಹೋಗುವಂತಿರಲಿಲ್ಲ.

ಆ ಮನೆಯಲ್ಲಿ ದುಡಿಯುವ ಹಳೇ ಹತಾರವೂ ಒಂದಿದೆ: ಯಜಮಾನಿಯಮ್ಮನವರಿಗೆ ತುರುವೇಕೆರೆಯ ತವರಿನಿಂದ ಬಂದ ಈಳಿಗೆಮಣೆ. ಕೂರುವ ಜಾಗ ಸವೆದು ತಗ್ಗಾಗಿದೆ, ತುರಿಯುವ ಹಲ್ಲೆರಡು ಮೊಂಡಾಗಿವೆ. ಆದರೂ ಅದರ ಮೇಲೆ ಎರಡು ಹೋಳು ಕಾಯಿ ತುರಿಯದೆ ಅಲ್ಲಿ ಒಲೆ ಹೊತ್ತುವುದಿಲ್ಲ. ಅದರ ಕಬ್ಬಿಣ ಎಲ್ಲಿಯದೆಂದು ಇದುವರೆಗೆ ಯಾರೂ ಕೇಳಿಲ್ಲ.

ಗೌರಿಹಬ್ಬಕ್ಕೆ ಬೆಂಗಳೂರಿಂದ ಬಂದ ಸೊಸೆ ಮೆಲ್ಲಗೆ ಕೇಳಿದಳು: "ಅತ್ತೆ, ಮಿಕ್ಸಿಲಿ ಕಾಯಿ ಹದವಾಗಿ ಬರಲ್ಲ. ಈ ಈಳಿಗೆಮಣೆ ನಂಗೆ ಕೊಡ್ತೀರಾ?"

ಅತ್ತೆ ಮಣೆ ಬಿಟ್ಟು ಏಳಲಿಲ್ಲ.

"ಇದ್ಯಾಕವ್ವ, ಹಳೇದು. ಹಜಾರದಲ್ಲಿ ಮಚ್ಚು ನೇತಾಕೈತೆ, ತಗೊಂಡೋಗು. ಬೇಕಂದ್ರೆ ಸಲಾಕೆನೂ ಕಾರಿಗೆ ಹಾಕಿಸ್ತೀನಿ."