ಏಳನೇ ಫಾರಂ

"ಬರೆದವನಿಗೆ ಅವರು ದುಡ್ಡು ಕೊಡೋದೋ, ಬರೆದವನೇ ಅವರಿಗೆ ಕೊಡೋದೋ?" ಎಂದು ಅಮ್ಮ ಕೇಳಿದಾಗ ನಾನು ಎದ್ದು ಫ್ಯಾನು ಜೋರು ಮಾಡಿದೆ.

ನನ್ನ ಮೊದಲ ಪುಸ್ತಕದ ಹಸ್ತಪ್ರತಿ ನೋಡಿದ ಪ್ರಕಾಶಕರು "ಬಹಳ ಚೆನ್ನಾಗಿದೆ" ಎಂದಿದ್ದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಎಲ್ಲರೂ ಸುಖವಾಗಿರುತ್ತಿದ್ದೆವು. "500 ಪ್ರತಿಗೆ 45 ಸಾವಿರ, ಅದು ನಿಮ್ಮ ಕಡೆಯಿಂದ" ಎಂದೂ ಸೇರಿಸಿದರು. ಹುಡುಗಿ ಒಪ್ಪಿಗೆ ಎಂದಾದ ಮೇಲೆ ಮೆಲ್ಲಗೆ ಛತ್ರದ ಖರ್ಚಿನ ಮಾತು ಬರುತ್ತದಲ್ಲ, ಹಾಗೆ.

ಕೊಟ್ಟೆ. ಬಿಲ್ಲಿನಲ್ಲಿ ಡಿಟಿಪಿ, ಕರಡು ತಿದ್ದಿದ್ದು, ಮುಖಪುಟ ಎಲ್ಲ ಇದ್ದವು. ಐಎಸ್‌ಬಿಎನ್‌ಗೆಂದು 2 ಸಾವಿರವೂ ಇತ್ತು. ಆ ನಂಬರನ್ನು ಭಾರತ ಸರ್ಕಾರ ಪುಕ್ಕಟೆ ಕೊಡುತ್ತದೆ ಎಂದು ತಿಳಿದದ್ದು ಬಿಲ್ಲು ಕಟ್ಟಿದ ಮೇಲೆ.

ಅಚ್ಚಿನ ಲೆಕ್ಕವೇ ಬೇರೆ. 16 ಪುಟಕ್ಕೊಂದು ಫಾರಂ. ನನ್ನ ಪಾಂಡಿತ್ಯ 106ನೇ ಪುಟಕ್ಕೆ ಬತ್ತಿಹೋಗಿತ್ತು. "ಏಳನೇ ಫಾರಂ ತುಂಬಲಿಲ್ಲ ಸಾರ್, ಆರು ಪುಟ ಖಾಲಿ ಹೋಗುತ್ತೆ. ಏನಾದ್ರೂ ಬರ್ಕೊಡಿ" ಎಂದ ಡಿಟಿಪಿ ಹುಡುಗ. ಅಲ್ಲೇ ಬೆಂಚಿನ ಮೇಲೆ ಕೂತು, ನಮ್ಮ ಬಚ್ಚಲುಮನೆಯ ಸೋರುವ ನಲ್ಲಿಯ ಬಗ್ಗೆ ಬರೆದುಕೊಟ್ಟೆ. ಮೂರು ವರ್ಷ ತಿದ್ದಿ ತೀಡಿದ ಹನ್ನೊಂದು ಪ್ರಬಂಧಗಳನ್ನು ಬಿಟ್ಟು, ಓದಿದವರೆಲ್ಲ ಹೊಗಳಿದ್ದು ಆ ನಲ್ಲಿಯನ್ನೇ.

ಬಿಡುಗಡೆಯ ದಿನ ಉಪ್ಪಿಟ್ಟು, ಕೇಸರಿಬಾತು ಸಾಲದೆ ಬಂತು. ಪುಸ್ತಕ ಸಾಕಷ್ಟು ಉಳಿಯಿತು.

ಮಾನ ಉಳಿಸಿಕೊಳ್ಳಲು ಅಮ್ಮನಿಗೆ ದೊಡ್ಡವರ ಕಥೆ ಹೇಳಿದೆ. ಕಾರಂತರು ಪುತ್ತೂರಿನಲ್ಲಿ ಸ್ವಂತ ಮುದ್ರಣಾಲಯವನ್ನೇ ಇಟ್ಟಿದ್ದರು. ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು.

"ನೀನು ಎಷ್ಟು ಊರು ತಿರುಗಿದೆ?" ಅಂದಳು ಅಮ್ಮ.

ನನ್ನ ಪುಸ್ತಕಗಳು ತಿರುಗಿದ್ದು ಹಾಲ್‌ನಿಂದ ಮಂಚದಡಿಗೆ, ಅಲ್ಲಿಂದ ಅಟ್ಟಕ್ಕೆ. ಕಂದು ಕಾಗದದ ಕಟ್ಟೊಂದರ ಮೇಲೆ ಅಕ್ಕಿ ಮೂಟೆ ಕೂತಿತ್ತು. ಇಲಿ ಮೂಟೆಯನ್ನು ಕಡಿದಿತ್ತು, ಕಟ್ಟನ್ನು ಮೂಸಿಯೂ ನೋಡಿರಲಿಲ್ಲ.

ಮೂಟೆ ಇಳಿಸಿ ಕಟ್ಟು ಬಿಚ್ಚಿದೆ. ಈಗ ಭಾನುವಾರ ಬೆಳಿಗ್ಗೆ ಹತ್ತು ಪ್ರತಿ ಚೀಲಕ್ಕೆ ಹಾಕಿಕೊಂಡು ಹೊರಡುತ್ತೇನೆ. ನಿಮ್ಮ ಮನೆಯ ಗಂಟೆ ಬಾರಿಸಿದರೆ ದಯವಿಟ್ಟು ಬಾಗಿಲು ತೆಗೆಯಿರಿ. ಕಾಫಿ ಬೇಡ, 120 ರೂಪಾಯಿ ಚಿಲ್ಲರೆ ಇಟ್ಟಿರಿ.