ಉಕ್ಕಿದ ಕಮೋಡು: ದೇಶ, ಕಾಲ, ಕರ್ತೃ ವಿಚಾರ

ಪಂಪನಿಂದ ಮುದ್ದಣನವರೆಗೆ ಎಲ್ಲರ ಕಾಲದೇಶಗಳನ್ನೂ ಜಾಲಾಡಿದ ನಮ್ಮ ವಿದ್ವತ್ಪರಂಪರೆ, ಮನೆಯ ಕಮೋಡು ಕಟ್ಟಿಕೊಂಡು ಉಕ್ಕುವ ವಿಷಯ ಬಂದಾಗ ಮಾತ್ರ ಮೂಗು ಮುಚ್ಚಿಕೊಂಡು ಮುಂದೆ ಸಾಗಿದೆ. ಆ ಕೊರತೆಯನ್ನು ಯಥಾಶಕ್ತಿ ತುಂಬುವುದೇ ಪ್ರಸ್ತುತ ಪ್ರಬಂಧದ ಉದ್ದೇಶ.

ದೇಶ ವಿಚಾರ

ಕೃತಿ ರಚನೆಯಾದ ಸ್ಥಳದ ಬಗ್ಗೆ ಹೆಚ್ಚು ವಿವಾದವಿಲ್ಲ. ಕಮೋಡಿನ ಹಿಂಭಾಗದಲ್ಲಿ ಹಾವಿನಂತೆ ಬಳುಕಿದ ಬಾಗೊಂದಿದೆ. ಪ್ಲಂಬರ್‌ಗಳು ಅದನ್ನು ಟ್ರ್ಯಾಪ್ ಎನ್ನುತ್ತಾರೆ. 1775ರಲ್ಲಿ ಇಂಥ ಬಾಗಿರುವ ಕಕ್ಕಸಿಗೆ ಪೇಟೆಂಟ್ ಪಡೆದವನು ಲಂಡನ್ನಿನ ಗಡಿಯಾರ ತಯಾರಕ ಅಲೆಕ್ಸಾಂಡರ್ ಕಮಿಂಗ್. ಬಾಗಿನಲ್ಲಿ ಸದಾ ಸುಮಾರು ಎರಡಿಂಚು ನೀರು ನಿಂತು, ಗುಂಡಿಯ ಗಬ್ಬುನಾತ ಮನೆಯೊಳಗೆ ಬಾರದಂತೆ ತಡೆಯುತ್ತದೆ. ನಾತಕ್ಕೆ ದಾರಿ ಬಿಡದ ಬಾಗು ಬಟ್ಟೆಚೂರಿಗೂ ದಾರಿ ಬಿಡದೆಂಬುದನ್ನು ಗೃಹಸ್ಥರು ಗಮನಿಸಬೇಕು.

ಕಾಲ ವಿಚಾರ

ಘಟನೆ ನಡೆಯುವುದು ಭಾನುವಾರ ಬೆಳಗ್ಗೆ, ಅದರಲ್ಲೂ ಬೀಗರು ಬಂದಿಳಿದ ಭಾನುವಾರ ಬೆಳಗ್ಗೆ ಎಂಬುದು ಸರ್ವಸಮ್ಮತ. ಪ್ಲಂಬರ್ ಫೋನು ಸ್ವಿಚ್ ಆಫ್ ಆಗಿರುವುದು ಇದಕ್ಕೆ ಪೋಷಕ ಪ್ರಮಾಣ. ಫ್ಲಶ್ ಒತ್ತಿದಾಗ ಇಳಿಯಬೇಕಾದ ನೀರು ನಿಧಾನವಾಗಿ ಮೇಲೇರಿ, ಅಂಚಿಗೆ ಎರಡು ಬೆರಳು ಉಳಿದಿರುವಾಗ ನಿಲ್ಲುತ್ತದೆ. ಇದು ಪೂರ್ವಾರ್ಧ. ಆಗ ಬಾಗಿಲಾಚೆಯಿಂದ, 'ಇನ್ನೊಂದ್ಸಲ ಒತ್ತಿ ನೋಡ್ರೀ' ಎಂಬ ಧ್ವನಿ ಕೇಳಿಬರುತ್ತದೆ. 6 ಲೀಟರಿನ ಈ ಸಲಹೆಯಿಂದಾಗಿ ಉತ್ತರಾರ್ಧವು ಬಚ್ಚಲ ಹೊಸಿಲು ದಾಟಿ ಕಾಲೊರಸಿನ ಮೇಲೆ ಪ್ರಕಟವಾಗುತ್ತದೆ.

ಕರ್ತೃ ವಿಚಾರ

ಕೃತಿ ಅಜ್ಞಾತಕರ್ತೃಕ. ಮನೆಯ ಪ್ರತಿಯೊಬ್ಬರೂ ಕರ್ತೃತ್ವವನ್ನು ನಿರಾಕರಿಸುತ್ತಾರೆ. ಸಾಹಿತ್ಯಲೋಕದಲ್ಲಿ ಇಂಥ ವಿನಯ ಅಪರೂಪ. ಸೊಸೆ ಮಾವನವರ ಕಡೆಗೆ, ಅತ್ತೆ ಮೊಮ್ಮಗುವಿನ ಡೈಪರ್ ಕಡೆಗೆ ಬೊಟ್ಟು ಮಾಡುತ್ತಾರೆ. ಬೀಗರ ಹೆಸರನ್ನು ಯಾರೂ ಎತ್ತುವುದಿಲ್ಲ; ಅವರತ್ತ ನೋಡುತ್ತಾರೆ, ಅಷ್ಟೆ. ಆಂತರಿಕ ಪ್ರಮಾಣವಾಗಿ ದೊರೆತದ್ದು ಒಂದು ವೆಟ್ ವೈಪ್. ಟಾಯ್ಲೆಟ್ ಪೇಪರ್ ನೀರಿನಲ್ಲಿ ಬಿಡಿಬಿಡಿಯಾಗುತ್ತದೆ. ಬಹುತೇಕ ವೈಪ್‌ಗಳಲ್ಲಿ ಪ್ಲಾಸ್ಟಿಕ್ ಎಳೆಗಳಿರುವುದರಿಂದ ಅವು ಎಷ್ಟು ನೆನೆದರೂ ಜಗ್ಗುವುದಿಲ್ಲ. ಆದ್ದರಿಂದ ಪ್ಯಾಕೆಟ್ಟಿನ ಮೇಲೆ 'ಫ್ಲಶ್ ಮಾಡಬಹುದು' ಎಂದಿದ್ದರೆ ಆ ವಾಕ್ಯವನ್ನು ಪ್ರಕ್ಷಿಪ್ತವೆಂದು ತಿಳಿಯತಕ್ಕದ್ದು.

ಪರಿಹಾರ ಪಂಥಗಳು

ಮುಖ್ಯವಾದವು ಮೂರು. ಕುದಿನೀರು ಪಂಥದವರು ಹಂಡೆಗಟ್ಟಲೆ ಕುದಿಸಿ ಸುರಿದು, ಪಿಂಗಾಣಿಯೇ ಬಿರುಕು ಬಿಡುವುದನ್ನು ಕಾಣುತ್ತಾರೆ. ಆಸಿಡ್ ಪಂಥದವರು ಆಸಿಡ್ ಸುರಿದು ಅದರ ಮೇಲೆ ಬ್ಲೀಚಿಂಗ್ ಪೌಡರನ್ನೂ ಉದುರಿಸಿದರೆ ಕ್ಲೋರಿನ್ ಅನಿಲ ಹೊರಟು, ಸಂಶೋಧನೆ ಮುಗಿಯುವ ಮೊದಲೇ ಸಂಶೋಧಕ ಮುಗಿಯುವ ಸಂಭವವಿದೆ. ಮೂರನೆಯದು ಪಂಪ್ ಪಂಥ. ಆದಿಕವಿಗೂ ಇದಕ್ಕೂ ಸಂಬಂಧ ಸಿದ್ಧಪಟ್ಟಿಲ್ಲ. ಕೋಲಿನ ತುದಿಯ ರಬ್ಬರ್ ಬಟ್ಟಲು ನೀರಿನಲ್ಲಿ ಪೂರ್ತಿ ಮುಳುಗಿ, ಕಂಡಿಯನ್ನು ಬಿಗಿಯಾಗಿ ಮುಚ್ಚಿರಬೇಕು. ಒತ್ತುವುದರಷ್ಟೇ ಜಗ್ಗುವುದೂ ಮುಖ್ಯ. ಕೊನೆಗೆ 'ಗುಳುಕ್' ಎಂಬ ಶಬ್ದಪ್ರಮಾಣ ದೊರೆತರೆ ಕಾರ್ಯಸಿದ್ಧಿ.

ಶಾಸನಾಧಾರ

ಗುಳುಕ್ ಬಾರದೆ ಹೊರಗಿನ ಚೇಂಬರೂ ತುಂಬಿ ನಿಂತಿದ್ದರೆ, ದೋಷ ಮುಂದಿನ ಪೈಪಿನಲ್ಲೋ ಸೆಪ್ಟಿಕ್ ಟ್ಯಾಂಕಿನಲ್ಲೋ ಇದೆಯೆಂದು ಅರ್ಥ. ಸಕ್ಕಿಂಗ್ ಯಂತ್ರ ಕರೆಸಬೇಕು. 'ಯಾರನ್ನಾದ್ರೂ ಇಳಿಸಿದ್ರಾಯ್ತು' ಎಂಬ ಪಾಠ ನಮ್ಮಲ್ಲಿ ಬಹಳ ಹಳೆಯದು, ಬೀದಿಬೀದಿಯಲ್ಲೂ ಪ್ರಚಲಿತ. ಅದನ್ನು ಖಂಡಿಸುವ ಶಾಸನ 2013ರದು: ರಕ್ಷಣಾ ಸಲಕರಣೆ ಕೊಡದೆ ಮನುಷ್ಯನನ್ನು ಸೆಪ್ಟಿಕ್ ಟ್ಯಾಂಕಿಗಿಳಿಸಿ ಬಳಿಸಿದರೆ ಮೊದಲ ಸಲಕ್ಕೇ 2 ವರ್ಷದವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಕಲ್ಲಿನ ಶಾಸನಗಳಿಗೆ ಸಿಕ್ಕಷ್ಟು ಓದುಗರು ಇದಕ್ಕಿನ್ನೂ ಸಿಕ್ಕಿಲ್ಲ.

ಉಪಸಂಹಾರ

ಕಟ್ಟಿಸಿದವರು ಯಾರೆಂಬ ಚರ್ಚೆ ಹಜಾರದಲ್ಲಿ ಎರಡು ಸುತ್ತು ಕಾಫಿಯಾದರೂ ಇತ್ಯರ್ಥವಾಗುವುದಿಲ್ಲ. ಅಷ್ಟರಲ್ಲಿ ಕಮೋಡು ಸರಿಹೋಗಿರುತ್ತದೆ. ಸರಿಮಾಡಿದವರು ಯಾರೆಂದು ಯಾವ ವಿದ್ವಾಂಸರೂ ವಿಚಾರಿಸದ ಕಾರಣ ಆ ಕೃತಿಯೂ ಅಜ್ಞಾತಕರ್ತೃಕವಾಗಿಯೇ ಉಳಿದಿದೆ. ಎರಡನೆಯ ಸುತ್ತಿನ ಕಾಫಿ ತಂದುಕೊಟ್ಟವರೇ ಇರಬಹುದೆಂದು ಊಹಿಸಲು ಆಧಾರಗಳಿವೆ. ಆದರೆ ಹಾಗೆ ಒಪ್ಪಿಕೊಂಡರೆ ಕಾಫಿಯ ವಿಷಯದಲ್ಲಿ ಹೊಸ ಪ್ರಶ್ನೆಗಳೇಳುವುದರಿಂದ ಚರ್ಚೆಯನ್ನು ಇಲ್ಲಿಗೇ ಕೈಬಿಡಲಾಗಿದೆ.