ಎರಿ ಹೊಲದ ಮೇಲೆ ವಿಮಾನಪಾಠ

ಸಣ್ಣ ವಿಮಾನ ಹಾರಿಸುವ ವಿದ್ಯೆಯ ಬಹುಪಾಲನ್ನು ಕಲಿಯಬೇಕಾದದ್ದು ನೆಲದ ಮೇಲೆ. ಉಳಿದ ಪಾಲು ಆಕಾಶಕ್ಕೆ ಸೇರಿದ್ದು ನಿಜ, ಆದರೆ ಅಲ್ಲಿಯೂ ಹೆಚ್ಚಿನ ಹೊತ್ತು ಹೋಗುವುದು ಮತ್ತೆ ನೆಲಕ್ಕೆ ಇಳಿಯುವುದು ಹೇಗೆ ಎಂಬ ಚಿಂತೆಯಲ್ಲಿ. ಹದಿನಾರು ತುಂಬಿದವರಿಗೆ ಸ್ಟೂಡೆಂಟ್ ಪೈಲಟ್ ಲೈಸೆನ್ಸ್, ಹದಿನೇಳಕ್ಕೆ ಪ್ರೈವೇಟ್, ಹದಿನೆಂಟಕ್ಕೆ ಕಮರ್ಷಿಯಲ್ ಎಂದು ದೇಶದ ವಿಮಾನಯಾನ ನಿಯಂತ್ರಕ ಡಿಜಿಸಿಎ ಮೆಟ್ಟಿಲು ಕಟ್ಟಿಟ್ಟಿದೆ. ಕೊನೆಯ ಮೆಟ್ಟಿಲಿಗೆ 200 ಗಂಟೆ ಹಾರಾಟ ಬೇಕು. ಅದರಲ್ಲಿ 100 ಗಂಟೆ ವಿಮಾನದ ಹೊಣೆ ಪೂರ್ತಿ ಕಲಿಯುವವರದೇ ಆಗಿರಬೇಕು. ಇಷ್ಟು ಹೊತ್ತು ಹಾರಿದ ಮೇಲೂ ವಿಮಾನದೊಳಗೆ ಚಹಾ ಕೊಡುವವರು ಯಾರೂ ಬರುವುದಿಲ್ಲ. ಕಲಿಕೆಯ ಸೆಸ್ನಾ 152ರಲ್ಲಿ ಇರುವುದು ಎರಡೇ ಸೀಟು, 110 ಅಶ್ವಶಕ್ತಿಯ ಒಂದು ಇಂಜಿನ್. ಪಕ್ಕದಲ್ಲಿ ಕೂತ ಇನ್‌ಸ್ಟ್ರಕ್ಟರ್ ಸಾಹೇಬರ ಮೊಣಕೈ ತಾಗದಂತೆ ಮ್ಯಾಪ್ ಬಿಚ್ಚುವುದೂ ಒಂದು ವಿದ್ಯೆಯೇ.

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕೂ ಊರುಗಳಲ್ಲಿ ರನ್‌ವೇ ಇಲ್ಲ. ವಿಜಯಪುರದ ಹತ್ತಿರ ಬುರಣಾಪುರದ ವಿಮಾನ ನಿಲ್ದಾಣಕ್ಕೆ 2021ರಲ್ಲಿ ಶಂಕುಸ್ಥಾಪನೆ ಆದದ್ದೇ ತಡ, ಈ ಕಡೆಯ ಚಹಾದಂಗಡಿಗಳಲ್ಲಿ ಎಷ್ಟೋ ವಿಮಾನಗಳು ಏರಿ ಇಳಿದುಹೋದವು. ಆದರೆ ಲಾಗ್‌ಬುಕ್ಕಿನಲ್ಲಿ ಬರೆದುಕೊಳ್ಳಲು ಅವು ಬರುವುದಿಲ್ಲ. ಒಂದು ಕಾಲಕ್ಕೆ ವಿಮಾನ ಕಲಿಯಬೇಕೆಂದರೆ ಬೆಂಗಳೂರಿನ ಜಕ್ಕೂರಿಗೇ ಹೋಗಬೇಕಿತ್ತು. ಅಲ್ಲಿಯ ಸರ್ಕಾರಿ ವೈಮಾನಿಕ ತರಬೇತಿ ಶಾಲೆ 1940ರ ದಶಕದ ಕೊನೆಯಷ್ಟು ಹಳೆಯದು. ಆಗಿನ ಪೀಳಿಗೆಯ ಫ್ಲೈಯಿಂಗ್ ಕ್ಲಬ್ಬುಗಳವರು ಕಲಿತದ್ದು ಬೆಂಗಳೂರಿನ ಎಚ್‌ಎಎಲ್ ತಯಾರಿಸಿದ ಪುಷ್ಪಕದಲ್ಲಿ. ಜರ್ಮನಿಯಲ್ಲಿ ವಾಯುಚಲನ ವಿಜ್ಞಾನಿ ಪ್ರಾಂಟ್ಲ್ ಅವರ ಶಿಷ್ಯರಾಗಿದ್ದ ವಿ. ಎಂ. ಘಾಟಗೆಯವರ ತಂಡ ರೂಪಿಸಿದ ಈ ವಿಮಾನ ಮೊದಲು ಹಾರಿದ್ದು 1958ರಲ್ಲಿ. ಹೆಸರು ಪುರಾಣದ್ದು, ಆದರೆ ಇಡೀ ಪರಿವಾರ ಕೂತರೂ ಇನ್ನೊಬ್ಬರಿಗೆ ಜಾಗ ಉಳಿಯುವ ಸೌಕರ್ಯ ಅದರಲ್ಲಿರಲಿಲ್ಲ. ಬಟ್ಟೆ ಹೊದಿಸಿದ ರೆಕ್ಕೆ, 90 ಅಶ್ವಶಕ್ತಿ, ಇಬ್ಬರಿಗೆ ಮಾತ್ರ ಕೂರಲು ಜಾಗ.

ಕಲಬುರಗಿಯ ವಿಮಾನ ನಿಲ್ದಾಣ 2019ರ ನವೆಂಬರ್ 22ರಂದು ತೆರೆಯಿತು. 2021ರಲ್ಲಿ ಭಾರತೀಯ ವಿಮಾನ ನಿಲ್ದಾಣಗಳ ಪ್ರಾಧಿಕಾರ ತರಬೇತಿ ಶಾಲೆಗಳಿಗೆಂದು ಆರಿಸಿದ ಐದು ನಿಲ್ದಾಣಗಳಲ್ಲಿ ಕಲಬುರಗಿ, ಬೆಳಗಾವಿ ಎರಡೂ ಇದ್ದವು. ಜಕ್ಕೂರಿಗೆ ಹೋಲಿಸಿದರೆ ಕಲಬುರಗಿ ಸಿಂದಗಿಯವರಿಗೆ ಮನೆಯ ಹಿತ್ತಿಲು. ಶಾಲೆ ಹತ್ತಿರ ಬಂತು, ಫೀ ಮಾತ್ರ ಎಲ್ಲಿತ್ತೋ ಅಲ್ಲೇ ಉಳಿಯಿತು. ನಲವತ್ತು ಐವತ್ತು ಲಕ್ಷದ ಮಾತು ಮನೆಯೊಳಗೆ ಬಂದ ದಿನ ಕಪಾಟಿನಿಂದ ಹೊಲದ ಉತಾರ ಹೊರಬರುತ್ತದೆ. ಬ್ಯಾಂಕಿನವರು, ಸೋದರಮಾವ, ಸೊಸೈಟಿ ಸೆಕ್ರೆಟರಿ ಎಲ್ಲರೂ ಒಂದೊಂದು ಸಲಹೆ ಕೊಡುತ್ತಾರೆ. ಎಲ್ಲ ಮುಗಿದ ಮೇಲೆ ಮೂಲೆಯಲ್ಲಿ ಎಲಿ-ಅಡಿಕಿ ಹಾಕಿಕೊಳ್ಳುತ್ತ ಕೂತ ಕಾಕಾ ಕೇಳುವುದು ಒಂದೇ ಪ್ರಶ್ನೆ: "ಎಲ್ಲಾ ಖರೆ ತಮ್ಮಾ, ಮ್ಯಾಲ ಹೋದಾಗ ಇಂಜಿನ್ ಬಂದ್ ಬಿತ್ತಂದ್ರ ಏನ್ ಮಾಡ್ತಿ?" ಇಡೀ ಪಠ್ಯಕ್ರಮದಲ್ಲಿ ಇದಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿಲ್ಲ. ಉತ್ತರಕ್ಕೆ ಮಾತ್ರ ಕೆಲವು ತಿಂಗಳು ಕಾಯಬೇಕು.

ಮೊದಲು ಬರುವುದು ಪುಸ್ತಕ. ಏರ್ ರೆಗ್ಯುಲೇಷನ್, ನ್ಯಾವಿಗೇಷನ್, ಮೀಟಿಯರಾಲಜಿ, ಟೆಕ್ನಿಕಲ್ ಎಂಬ ಪೇಪರುಗಳಲ್ಲಿ ನೂರಕ್ಕೆ 70 ಬರದಿದ್ದರೆ ನಪಾಸು. ಲೆಕ್ಕಕ್ಕಿಂತ ಹೆಚ್ಚು ಕಾಡುವುದು ಅಳತೆಗಳ ಸಂತೆ. ಎತ್ತರ ಅಡಿಯಲ್ಲಿ, ರನ್‌ವೇಯ ಉದ್ದ ಮೀಟರಿನಲ್ಲಿ, ದೂರ 1,852 ಮೀಟರಿಗೊಂದರಂತೆ ನಾಟಿಕಲ್ ಮೈಲಿಯಲ್ಲಿ, ವೇಗ ನಾಟ್‌ನಲ್ಲಿ, ಗಾಳಿಯ ಒತ್ತಡ ಹೆಕ್ಟೋಪಾಸ್ಕಲ್‌ನಲ್ಲಿ. ಇಂಧನ ಹಾಕುವವರು ಲೀಟರ್ ಎಂದರೆ ಸೆಸ್ನಾದ ಮುಳ್ಳು ಅಮೆರಿಕದ ಗ್ಯಾಲನ್ ತೋರಿಸುತ್ತದೆ. ಕೂರಿಗಿ, ಎಕರೆ, ಗುಂಟೆ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳುವ ಮನೆಯಿಂದ ಬಂದವರಿಗೆ ಇದು ಅಷ್ಟೊಂದು ಅನ್ಯಾಯ ಅನ್ನಿಸುವುದಿಲ್ಲ. ಎತ್ತರದ ಲೆಕ್ಕ ಸಮುದ್ರ ಮಟ್ಟದಿಂದ ಹಿಡಿಯುವುದರಿಂದ ಕಲಬುರಗಿಯಲ್ಲಿ ಚಕ್ರ ನೆಲ ಬಿಡುವ ಮೊದಲೇ ಆಲ್ಟಿಮೀಟರ್ ಒಂದೂವರೆ ಸಾವಿರ ಅಡಿಯ ಆಸುಪಾಸು ತೋರಿಸುತ್ತಿರುತ್ತದೆ. ಧೈರ್ಯ ಸಾಲದವರಿಗೆ ಇದೊಂದು ಸಮಾಧಾನ: ಅರ್ಧ ಎತ್ತರ ಸರ್ಕಾರವೇ ಕೊಟ್ಟಾಯಿತು.

ರೇಡಿಯೋ ಪರೀಕ್ಷೆ ಬೇರೆ. ಕನ್ನಡ ಮಾಧ್ಯಮದಲ್ಲಿ ಓದಿದವರು ಇದಕ್ಕೇ ಎಲ್ಲಕ್ಕಿಂತ ಹೆಚ್ಚು ಹೆದರುತ್ತಾರೆ. ಅಷ್ಟು ಹೆದರಬೇಕಾಗಿಲ್ಲ. ಆಕಾಶದ ಇಂಗ್ಲಿಷಿಗೆ ವ್ಯಾಕರಣ ಕಡಿಮೆ, ಅಲಂಕಾರ ಇಲ್ಲವೇ ಇಲ್ಲ. ಯಾರನ್ನು ಕರೆಯುತ್ತಿದ್ದೇವೆ, ನಾವು ಯಾರು, ಎಲ್ಲಿದ್ದೇವೆ, ಏನು ಬೇಕು ಎಂಬ ನಾಲ್ಕು ಮಾತು, ಟವರಿನವರು ಹೇಳಿದ್ದನ್ನು ತಿರುಗಿ ಒಪ್ಪಿಸುವುದು, ಅಷ್ಟೇ. ಮೂರಕ್ಕೆ ಟ್ರೀ, ಐದಕ್ಕೆ ಫೈಫ್, ಒಂಬತ್ತಕ್ಕೆ ನೈನರ್ ಅನ್ನಬೇಕು, ಗದ್ದಲದಲ್ಲಿ ಒಂದು ಅಂಕಿ ಇನ್ನೊಂದಾಗಿ ಕೇಳಿಸಬಾರದೆಂದು. ವಿಜಯಪುರ ಸೀಮೆಯವರಿಗೆ ನಿಜವಾದ ತೊಂದರೆ ಬೇರೆಯೇ ಇದೆ. "ಆರಾಮ್ ಅದೀರೇನ್ರಿ, ಊಟ ಆತೇನ್ರಿ" ಎಂದು ಕೇಳದೆ ಒಬ್ಬ ಮನುಷ್ಯನೊಡನೆ ನೇರ ಕೆಲಸದ ಮಾತಿಗೆ ಇಳಿಯಲು ಅವರಿಗೆ ನಾಲಿಗೆಯೇ ಏಳುವುದಿಲ್ಲ.

ಇನ್ನು ವಿಮಾನದ ಹತ್ತಿರ ಹೋಗಬಹುದು. ಹತ್ತುವ ಮುನ್ನ ಚೆಕ್‌ಲಿಸ್ಟ್ ಹಿಡಿದು ಅದಕ್ಕೊಂದು ಸುತ್ತು ಪ್ರದಕ್ಷಿಣೆ ಆಗಬೇಕು. ರೆಕ್ಕೆಯ ಕೆಳಗಿನಿಂದ ಇಂಧನವನ್ನು ಪಾರದರ್ಶಕ ಬಟ್ಟಲಿಗೆ ಸ್ವಲ್ಪ ಇಳಿಸಿ, ಬೆಳಕಿಗೆ ಹಿಡಿದು ನೋಡಬೇಕು. ಎವಿಗ್ಯಾಸ್ ಎಂಬ ಈ ಇಂಧನ ತಿಳಿನೀಲಿ ಬಣ್ಣದ್ದು. ತಳದಲ್ಲಿ ಬಣ್ಣವಿಲ್ಲದ ಗುಳ್ಳೆ ಕೂತಿದ್ದರೆ ಅದು ನೀರು, ಆ ದಿನದ ಹಾರಾಟ ಸದ್ಯಕ್ಕೆ ಅಲ್ಲಿಗೇ ನಿಂತಿತು. ವೇಗ ಅಳೆಯುವ ಪಿಟೋ ಕೊಳವೆಯ ಬಾಯಿಗೆ ಕೆಂಪು ಪಟ್ಟಿಯ ಮುಸುಕು ಹಾಕಿರುತ್ತಾರೆ, ಏಕೆಂದರೆ ಮಣ್ಣಿನ ಗೂಡು ಕಟ್ಟುವ ಹುಳುಗಳಿಗೆ ಆ ತೂತು ಹೇಳಿಮಾಡಿಸಿದ ಜಾಗ. ಮುಸುಕು ತೆಗೆಯಲು ಮರೆತವರಿಗೆ ವಿಮಾನ ಓಡುತ್ತಿದ್ದರೂ ವೇಗದ ಮುಳ್ಳು ಮಲಗಿಯೇ ಇರುತ್ತದೆ. ಇನ್ನೊಂದು ತಪಾಸಣೆಯನ್ನಂತೂ ಹೊರಗಿನವರು ಕಂಡರೆ ನಂಬುವುದಿಲ್ಲ. ಸೆಸ್ನಾದ ಎಡರೆಕ್ಕೆಯ ಮುಂಭಾಗದಲ್ಲಿ ಒಂದು ಸಣ್ಣ ಕಿಂಡಿ ಇದೆ. ರೆಕ್ಕೆಯ ಎತ್ತುವ ಬಲ ಇನ್ನೇನು ಕೈಕೊಡುತ್ತದೆ ಅನ್ನುವಾಗ ಗಾಳಿ ಅದರಿಂದ ಹೀರಲ್ಪಟ್ಟು, ಒಳಗಿನ ಹಿತ್ತಾಳೆಯ ನಾಲಿಗೆ ನಡುಗಿ, ಪೀಂ ಎಂದು ಕೂಗುತ್ತದೆ. ಅದು ಸರಿ ಇದೆಯೋ ಇಲ್ಲವೋ ಎಂದು ನೋಡುವ ಬಗೆ ಹೀಗೆ: ಕಿಂಡಿಯ ಮೇಲೆ ಶುಭ್ರವಾದ ಕರವಸ್ತ್ರ ಇಟ್ಟು, ಬಾಯಿ ಹಚ್ಚಿ, ಗಾಳಿ ಎಳೆಯುವುದು. ಮಗ ಪೈಲಟ್ ಆಗುವುದನ್ನು ನೋಡಲು ಊರಿನಿಂದ ಬುತ್ತಿ ಕಟ್ಟಿಕೊಂಡು ಬಂದ ತಾಯಿಗೆ ಮೊದಲು ಕಾಣುವ ದೃಶ್ಯ, ಅವನು ರೆಕ್ಕೆಗೆ ಬಾಯಿ ಇಟ್ಟು ನಿಂತಿರುವುದು. ಆ ಬುತ್ತಿಯನ್ನೂ ತೂಕಕ್ಕೆ ಹಿಡಿಯಬೇಕಾಗುತ್ತದೆ. 152ರ ಒಟ್ಟು ತೂಕ 757 ಕಿಲೋ ಮೀರುವಂತಿಲ್ಲ. ಗುರು ಶಿಷ್ಯರಿಬ್ಬರೂ ಗಟ್ಟಿಮುಟ್ಟಾಗಿದ್ದರೆ ಕಡಿಮೆ ಮಾಡಬೇಕಾದದ್ದು ಇಂಧನವನ್ನು, ಇಲ್ಲವೆ ಮುಂದಿನ ವಾರದಿಂದ ರೊಟ್ಟಿಯನ್ನು.

ಇಂಜಿನ್ ಶುರುವಾಗಿ ವಿಮಾನ ನೆಲದ ಮೇಲೆ ಹರಿಯತೊಡಗಿದಾಗ ಕಾರು ಓಡಿಸಿ ರೂಢಿ ಇದ್ದವರ ಕೈ ತಾನಾಗಿ ಸ್ಟಿಯರಿಂಗ್ ತಿರುಗಿಸುತ್ತದೆ. ವಿಮಾನ ನೇರ ಹುಲ್ಲಿನ ಕಡೆ ಹೊರಡುತ್ತದೆ. ನೆಲದ ಮೇಲೆ ಅದನ್ನು ತಿರುಗಿಸುವುದು ಕೈಯಲ್ಲ, ಕಾಲು. ಎಡ ಬಲ ಚಕ್ರಗಳಿಗೆ ಬೇರೆ ಬೇರೆ ಬ್ರೇಕ್, ಆಯಾ ಪೆಡಲಿನ ತುದಿಯಲ್ಲಿ. ಇಲ್ಲಿ ಟ್ರ್ಯಾಕ್ಟರ್ ಮನೆತನದವರ ಕೈ ಮೇಲು. ಹೊಲದ ಅಂಚಿನಲ್ಲಿ ಒಂದೇ ಬದಿಯ ಬ್ರೇಕ್ ಒತ್ತಿ ರೆಂಟೆ ಸಮೇತ ತಿರುಗಿಸಿದವರಿಗೆ ಇದನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಆದರೆ ಪೂರ್ತಿ ಥ್ರಾಟಲ್ ಕೊಟ್ಟ ಕೂಡಲೇ ಮೂತಿ ಎಡಕ್ಕೆ ಎಳೆಯುತ್ತದೆ, ಪ್ರೊಪೆಲರ್ ತಿರುಗುವ ದಿಕ್ಕಿನ ಪ್ರತಾಪ ಅದು. ಸರಿಪಡಿಸಲು ಬಲಗಾಲು ಒತ್ತಬೇಕು. ಮರೆತವರ ಕಿವಿಯಲ್ಲಿ ಇನ್‌ಸ್ಟ್ರಕ್ಟರ್ ಸಾಹೇಬರ "ರೈಟ್ ರಡರ್!" ರಾತ್ರಿ ನಿದ್ದೆಯಲ್ಲೂ ಮೊಳಗುತ್ತದೆ.

ಏರುವುದೂ ಇಳಿಯುವುದೂ ಗಾಳಿಗೆ ಎದುರಾಗಿ. ಕಲಬುರಗಿಯ ರನ್‌ವೇ ಪೂರ್ವ–ಪಶ್ಚಿಮ ಹಾಸಿದ್ದು, 09 ಮತ್ತು 27 ಅದರ ಎರಡು ತುದಿಯ ಹೆಸರು. ಮುಂಗಾರಿನಲ್ಲಿ ಪಡುವಣ ಗಾಳಿ ಬೀಸುವುದರಿಂದ ಪಶ್ಚಿಮಕ್ಕೆ ಮುಖ ಮಾಡಿದ 27ರ ಸರದಿ ಹೆಚ್ಚು. ಗಾಳಿ ಯಾವ ಕಡೆಯಿಂದ ಎಂದು ನೋಡಲು ಬಟ್ಟೆಯ ಚೀಲವೊಂದು ಕಂಬದ ಮೇಲೆ ಹಾರಾಡುತ್ತಿರುತ್ತದೆ. ಕಣದಲ್ಲಿ ಜೋಳ ತೂರಿದ ಅಜ್ಜನಿಗೆ ಆ ಚೀಲವೂ ಬೇಕಾಗಿರಲಿಲ್ಲ. ಬೇಸಿಗೆಯ ಪಾಠ ಬೇರೆ ಥರದ್ದು. ಬಿಸಿಲು ಏರಿದಂತೆ ಗಾಳಿ ತೆಳುವಾಗಿ ರೆಕ್ಕೆಗೂ ಇಂಜಿನ್ನಿಗೂ ಹಿಡಿತ ಸಾಲುವುದಿಲ್ಲ. ಕರಿ ಎರಿಭೂಮಿ ಕಾದು ಬಿಸಿಗಾಳಿಯ ಕಂಬಗಳು ಮೇಲೇಳುತ್ತವೆ, ಒಂದು ಹೊಲದ ಮೇಲೆ ವಿಮಾನ ಎದ್ದರೆ ಪಕ್ಕದ ನೀರಾವರಿಯ ಹಸಿರಿನ ಮೇಲೆ ಕುಸಿಯುತ್ತದೆ. ಏಪ್ರಿಲ್ ಮಧ್ಯಾಹ್ನ ಹಾರಲು ಹೋದವರು ಬೆಳಿಗ್ಗೆ ಏನು ತಿಂದಿದ್ದರು ಎಂಬುದು ಹಲವರಿಗೆ ತಿಳಿಯುವ ಸಂಭವ ಇದೆ. ಅದಕ್ಕೇ ಜಾಣರು ನಸುಕಿನ ಸರದಿ ಕೇಳಿ ಪಡೆಯುತ್ತಾರೆ.

ಈಗ ಕಾಕಾನ ಪ್ರಶ್ನೆ. ಇಂಜಿನ್ ನಿಂತರೆ ವಿಮಾನ ಕಲ್ಲಿನಂತೆ ಬೀಳುವುದಿಲ್ಲ, ಜಾರುತ್ತದೆ. ಒಂದು ಅಡಿ ಇಳಿಯುವಷ್ಟರಲ್ಲಿ ಸುಮಾರು ಒಂಬತ್ತು ಅಡಿ ಮುಂದೆ ಹೋಗುತ್ತದೆ. ನೆಲದಿಂದ ಮೂರು ಸಾವಿರ ಅಡಿ ಮೇಲಿದ್ದರೆ, ಗಾಳಿ ಇಲ್ಲದ ದಿನ, ಹೆಚ್ಚೂಕಡಿಮೆ ಎಂಟು ಕಿಲೋಮೀಟರ್ ಕೈಯಲ್ಲಿದೆ. ಅಷ್ಟರೊಳಗೆ ಒಂದು ಹೊಲ ಆರಿಸಬೇಕು. ಇನ್‌ಸ್ಟ್ರಕ್ಟರ್ ಸಾಹೇಬರು ಮಾತಿನ ನಡುವೆ ಸದ್ದಿಲ್ಲದೆ ಥ್ರಾಟಲ್ ಹಿಂದಕ್ಕೆಳೆದು "ಎಲ್ಲಿ ಇಳಿಸ್ತೀಯ?" ಎಂದು ಕೇಳುವುದು ಇದಕ್ಕೇ. ಬೇರೆ ಕಡೆಯ ಹುಡುಗರಿಗೆ ಕೆಳಗೆ ಕಾಣುವುದು ಬರೀ ಚೌಕ ಚೌಕ ಬಣ್ಣ. ಇಂಡಿ ತಾಲ್ಲೂಕಿನವರಿಗೆ ಅದು ಓದಲು ಬರುವ ಪುಸ್ತಕ. ಲಿಂಬಿ ತೋಟ ಬೇಡ, ಮುಳ್ಳು. ದ್ರಾಕ್ಷಿ ತೋಟ ಬೇಡವೇ ಬೇಡ, ಸಾಲುಗಂಬ ಮತ್ತು ತಂತಿ. ಕಬ್ಬು ಮೇಲಿನಿಂದ ಹಾಸಿಗೆಯಂತೆ ಕಂಡರೂ ಆಳೆತ್ತರ. ತೊಗರಿಯ ಕಟ್ಟಿಗೆ ಗಟ್ಟಿ. ಮಳೆಯಾದ ಎರಿ ಹೊಲದಲ್ಲಿ ಚಕ್ರ ಹೂತು ವಿಮಾನ ಮಗುಚುತ್ತದೆ. ಕೊಯ್ಲಾದ ಬಿಳಿಜೋಳದ ಒಣ ಹೊಲ ಉತ್ತಮ, ಅದೂ ಸಾಲಿನ ಗುಂಟ, ಅಡ್ಡ ಅಲ್ಲ. ಕೂಡಗಿ ವಿದ್ಯುತ್ ಸ್ಥಾವರದಿಂದ ಹೊರಟ ಹೈಟೆನ್ಷನ್ ತಂತಿ ಎಲ್ಲಿ ಹಾಯುತ್ತದೆ ಎಂಬುದನ್ನು ಮೊದಲೇ ನೋಡಿಟ್ಟುಕೊಳ್ಳಬೇಕು, ತಂತಿ ಕಾಣುವ ಮೊದಲು ಕಂಬ ಕಾಣುತ್ತದೆ. ಇದು ಬರೀ ಪುಸ್ತಕದ ಮಾತಲ್ಲ. 2023ರ ಮೇ 30ರಂದು ಬೆಳಗಾವಿಯ ಸಾಂಬ್ರಾದಿಂದ ಹೊರಟ ತರಬೇತಿ ವಿಮಾನವೊಂದು ಹೊನ್ನಿಹಾಳದ ಹತ್ತಿರ ಹೊಲಕ್ಕೆ ಇಳಿಯಿತು. ಒಳಗಿದ್ದ ಇಬ್ಬರೂ ಬದುಕಿ ಹೊರಗೆ ಬಂದರು.

ರನ್‌ವೇಯ ಮೇಲೆ ಇಳಿಸುವುದು ಇದಕ್ಕಿಂತ ಸುಲಭ ಅಂದುಕೊಂಡರೆ ತಪ್ಪು. ಕೊನೆಯ ಹತ್ತಿಪ್ಪತ್ತು ಅಡಿಯಲ್ಲಿ ಮೂತಿಯನ್ನು ಮೆಲ್ಲಗೆ ಎತ್ತಿ, ವೇಗ ತಾನಾಗಿ ಸಾಯುವವರೆಗೆ ವಿಮಾನವನ್ನು ನೆಲಕ್ಕೆ ತಾಗಿಸದೆ ಹಿಡಿಯಬೇಕು. ಬೇಗ ಎತ್ತಿದರೆ ಗಾಳಿಯಲ್ಲೇ ನಿಂತು ಧೊಪ್ಪನೆ ಬೀಳುತ್ತದೆ, ತಡವಾದರೆ ಬಡಿದು ಪುಟಿಯುತ್ತದೆ. ಪುಟಿದದ್ದನ್ನು ಒತ್ತಿ ಕೂರಿಸಲು ಹೋದವರು ಮತ್ತೂ ಎತ್ತರಕ್ಕೆ ಪುಟಿಯುತ್ತಾರೆ. ಒಂದೇ ಇಳಿತಕ್ಕೆ ಲಾಗ್‌ಬುಕ್ಕಿನಲ್ಲಿ ಮೂರು ಬರೆಯಲು ಅವಕಾಶವಿಲ್ಲ. ಮರ್ಯಾದೆಯ ದಾರಿ ಎಂದರೆ ಪೂರ್ತಿ ಥ್ರಾಟಲ್ ಕೊಟ್ಟು, ಗೋ ಅರೌಂಡ್ ಎಂದು ರೇಡಿಯೋದಲ್ಲಿ ಹೇಳಿ, ಇನ್ನೊಂದು ಸುತ್ತು ಹಾಕಿ ಬರುವುದು.

ಸುತ್ತು ಹಾಕಿ ಹಾಕಿ ಕೈ ಪಳಗಿದ ಮೇಲೆ ಒಂದು ಬೆಳಿಗ್ಗೆ ಇನ್‌ಸ್ಟ್ರಕ್ಟರ್ ಸಾಹೇಬರು ಏನೂ ಮುನ್ಸೂಚನೆ ಕೊಡದೆ ಬಾಗಿಲು ತೆಗೆದು ಇಳಿದುಬಿಡುತ್ತಾರೆ. ಅವರ ಭಾರ ಕಳೆದ ವಿಮಾನ ಎಂದಿಗಿಂತ ಬೇಗ ಏರುತ್ತದೆ, ಎಂದಿಗಿಂತ ಹೆಚ್ಚು ತೇಲುತ್ತದೆ. ಬಲಗಡೆಯ ಸೀಟಿನಿಂದ ಬೈಗುಳ ಬಾರದ ಆ ಮೌನವೇ ಮೊದಲ ಸೋಲೋದ ದೊಡ್ಡ ಗಾಬರಿ. ಇಳಿದು ಬಂದವರ ತಲೆಯ ಮೇಲೆ ಬಕೆಟ್ಟುಗಟ್ಟಲೆ ನೀರು ಸುರಿಯುವುದು ಪದ್ಧತಿ. ಮೇ ತಿಂಗಳಲ್ಲಿ ಟ್ಯಾಂಕರಿನ ದಾರಿ ಕಾಯುವ ಊರಿನ ತಾಯಂದಿರು ಇದರ ಫೋಟೋ ನೋಡಿ ಸಂತೋಷಪಡುವ ಮೊದಲು ನೀರಿನ ಲೆಕ್ಕ ಹಾಕುತ್ತಾರೆ.

ಆಮೇಲೆ ದೂರದ ದಾರಿ. ಕಮರ್ಷಿಯಲ್ ಲೈಸೆನ್ಸಿಗೆ 300 ನಾಟಿಕಲ್ ಮೈಲಿಯ ಒಂದು ಪಯಣ ಒಬ್ಬರೇ ಮಾಡಬೇಕು, ನಡುವೆ ಬೇರೆ ಎರಡು ನಿಲ್ದಾಣಗಳಲ್ಲಿ ಪೂರ್ತಿ ಇಳಿದು ನಿಲ್ಲಬೇಕು. ಕಲಬುರಗಿ, ಬೆಳಗಾವಿ, ಹುಬ್ಬಳ್ಳಿ, ಮರಳಿ ಕಲಬುರಗಿ ಎಂದು ತ್ರಿಕೋನ ಎಳೆದರೆ ಲೆಕ್ಕ ಸರಿಹೋಗುತ್ತದೆ. ಹೋಗುವಾಗ ಗೆರೆ ಸಿಂದಗಿಯ ಬಳಿ ಹಾಯುತ್ತದೆ. ಬರುವಾಗ ಆಲಮಟ್ಟಿ ದಾಟಿ ಬಾಗೇವಾಡಿ, ಮುದ್ದೇಬಿಹಾಳಗಳ ನಡುವೆ ನುಗ್ಗುತ್ತದೆ. ಇಂಡಿಯವರು ಮಾತ್ರ ತಮ್ಮ ಊರು ತಪ್ಪಿಹೋಯಿತೆಂದು ಬೇಸರಪಡಬೇಕಾಗುತ್ತದೆ. ಕೃಷ್ಣೆಯ ಹಿನ್ನೀರು, ಕೂಡಗಿಯ ಚಿಮಣಿ ದೂರದಿಂದಲೇ ಗುರುತು ಹೇಳುತ್ತವೆ. ಗೋಳಗುಮ್ಮಟ ಕಂಡರೆ ದಾರಿ ಉತ್ತರಕ್ಕೆ ಸರಿದಿದೆಯೋ ಎಂದು ಒಮ್ಮೆ ಮ್ಯಾಪ್ ನೋಡಿಕೊಳ್ಳುವುದು ಒಳ್ಳೆಯದು. ರೈಲು ಹಳಿ ಹಿಡಿದು ಹೋಗುವವರು ಸ್ವಲ್ಪ ಎಚ್ಚರದಿಂದಿರಬೇಕು. ಹೋಟಗಿ–ಗದಗ ದಾರಿಯ ಇಂಡಿ ರೋಡ್ ನಿಲ್ದಾಣ ಇಂಡಿಯಲ್ಲಿಲ್ಲ, ಬಸವನ ಬಾಗೇವಾಡಿ ರೋಡ್ ನಿಲ್ದಾಣ ಇರುವುದು ತೆಲಗಿಯಲ್ಲಿ. ಸಿಂದಗಿ, ಮುದ್ದೇಬಿಹಾಳಗಳಿಗೆ ರೈಲೇ ಇಲ್ಲದ್ದರಿಂದ ಆ ಗೊಂದಲವೂ ಇಲ್ಲ.

ಇಷ್ಟೆಲ್ಲ ಮುಗಿಸಿ, ರಾತ್ರಿಯ ಹಾರಾಟ, ಬರೀ ಮುಳ್ಳುಗಳನ್ನು ನೋಡಿ ಹಾರಿಸುವ ಹತ್ತು ಗಂಟೆ ಎಲ್ಲ ತುಂಬಿಸಿದವರ ಕೈಗೆ ಲೈಸೆನ್ಸ್ ಬರುತ್ತದೆ. ಅದರಿಂದ ಮರುದಿನವೇ ಇಂಡಿಗೋ ವಿಮಾನ ಓಡಿಸಲು ಬರುವುದಿಲ್ಲ. ಏರ್‌ಬಸ್ಸಿಗೆ ಟೈಪ್ ರೇಟಿಂಗ್ ಎಂಬ ಬೇರೆ ತರಬೇತಿ, ಅದಕ್ಕೆ ಬೇರೆ ಫೀ, ಕಪಾಟಿನಿಂದ ಮತ್ತೊಮ್ಮೆ ಉತಾರ. ವೈದ್ಯಕೀಯ ಸರ್ಟಿಫಿಕೇಟ್ ಕಾಲಕಾಲಕ್ಕೆ ಹೊಸದಾಗಬೇಕು. ಕೆಲಸದ ಕರೆ ಬರುವವರೆಗೆ ಕೆಲವರು ಇನ್‌ಸ್ಟ್ರಕ್ಟರ್ ರೇಟಿಂಗ್ ಮಾಡಿಕೊಂಡು ಅದೇ ಸೆಸ್ನಾದ ಬಲಗಡೆಯ ಸೀಟಿಗೆ ಬಂದು ಕೂರುತ್ತಾರೆ, ಹೊಸಬರು ಹಾರಿದ ಗಂಟೆಗಳನ್ನೂ ತಮ್ಮ ಲಾಗ್‌ಬುಕ್ಕಿಗೆ ಸೇರಿಸಿಕೊಳ್ಳುತ್ತ.